ಹಳೆಯ ಮಿಲಿಟರಿ ಜೀಪು: ಎಂಜಿನ್ ಓವರ್‌ಹಾಲೋ, ಬದಲಾವಣೆಯೋ?

ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಎಂಬಿ ಅಥವಾ ಫೋರ್ಡ್ ಜಿಪಿಡಬ್ಲ್ಯೂ ಕೊಂಡವರು ಮೊದಲು ಕೇಳುವುದೇ "ಡೀಸೆಲ್ ಎಂಜಿನ್ ಕೂರಿಸಿಬಿಡೋಣವೇ?" ಎಂದು. ಅಮೆರಿಕದ ಸೇನೆಯ ಕಡತದಲ್ಲಿ ಈ ಗಾಡಿ ಕಾಲು ಟನ್ ಟ್ರಕ್. ನಮ್ಮ ಸಕಲೇಶಪುರದ ತೋಟದವರಿಗೆ ಮಾತ್ರ ಅದು ಎಷ್ಟು ಹೇರಿದರೂ ಹೊರಬೇಕು. ಇಂಥ ಗಾಡಿಗಳ ಬಾನೆಟ್ ಎತ್ತಿಯೇ ಬದುಕಿದವನು ನಾನು. ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್‌ನ ಎರಕದ ಮೈ, ನೋಡದೆ ಉತ್ತರ ಕೊಡುವುದಿಲ್ಲ.

ಎಂಜಿನ್ ಇಳಿಸುವ ಮೊದಲು ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಗೇಜ್ ಹಿಡಿದು ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ನಾಲ್ಕರಲ್ಲೂ ನೂರು ಪಿಎಸ್‌ಐ ಆಸುಪಾಸು ಬಂದರೆ ಕಾರ್ಬ್ಯುರೇಟರ್ ಕಡೆ ತಿರುಗಿ, ಎಂಜಿನ್ ಮುಟ್ಟಬೇಡಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ಸಾಮಾನ್ಯವಾಗಿ ವಾಲ್ವ್. ಪಕ್ಕಪಕ್ಕದ ಎರಡರಲ್ಲೂ ಕಡಿಮೆಯಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಕಂಪ್ರೆಷನ್ ಕಡಿಮೆಯಿದ್ದರೆ ಹೆಡ್ ತೆಗೆಯಿರಿ. ಈ 2,199 ಸಿಸಿ ಎಂಜಿನ್‌ನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕ್‌ನಲ್ಲೇ ಇವೆ, ಹೆಡ್ ಬರೀ ಮುಚ್ಚಳ. ಹಾಗಾಗಿ ಬಿರುಕು ಬರುವುದೂ ಬ್ಲಾಕ್‌ಗೇ, ಅದರಲ್ಲೂ ಎಕ್ಸಾಸ್ಟ್ ವಾಲ್ವ್ ಸೀಟ್ ಮತ್ತು ಬೋರ್ (ಪಿಸ್ಟನ್ ಓಡಾಡುವ ತೂತು) ನಡುವಿನ ಸಣ್ಣ ಜಾಗದಲ್ಲಿ. ಮಸಿ ಉಜ್ಜಿ, ಕೆಂಪು ಪೆನೆಟ್ರೆಂಟ್ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ. ಮೇಲೆ ಬಿಳಿ ಡೆವಲಪರ್ ಹೊಡೆದು ಬೀಡಿ ಸೇದುವಷ್ಟು ಹೊತ್ತು ಕಾಯಿರಿ. ಬಿರುಕಿದ್ದರೆ ಆ ಬಿಳಿಯ ಮೇಲೆ ನೂಲಿನೆಳೆಯಂತೆ ಕೆಂಪು ಗೆರೆ ಮೂಡುತ್ತದೆ. ಗೆರೆ ಬೋರ್‌ಗೆ ಇಳಿದಿದ್ದರೂ ಹೆದರಬೇಡಿ, ಒಳ್ಳೆಯ ಲೇತ್‌ನವನು ಬೋರ್‌ನೊಳಗೆ ಸ್ಲೀವ್ ಎಂಬ ಹೊಸ ಕೊಳವೆ ಹಾಕಿ, ಹೊಸ ಸೀಟ್ ಕೂರಿಸಿ ಉಳಿಸಬಲ್ಲ. ಕ್ರ್ಯಾಂಕ್‌ನ ಮೇನ್ ಬೇರಿಂಗ್ ಕೂರುವ ಜಾಗದಲ್ಲೇ ಒಡೆದಿದ್ದರೆ ಆ ಬ್ಲಾಕ್ ಮುಗಿಯಿತು.

ಸವೆದ ಬೋರ್ ಅನ್ನು ಮೂಲ ಅಳತೆಗಿಂತ 0.060 ಇಂಚಿನೊಳಗೆ ದೊಡ್ಡದು ಮಾಡಿದರೆ ಸಾಕು ಎನ್ನುವುದಾದರೆ ಓವರ್‌ಹಾಲ್ ಮಾಡಿಸಿ. ಪಿಸ್ಟನ್, ರಿಂಗ್, ಬೇರಿಂಗ್ ಇಂದಿಗೂ ಹೊಸದಾಗಿಯೇ ಸಿಗುತ್ತವೆ. ಆಗಲೇ ಬ್ಲಾಕ್ ಒಳಗಿನ ನೀರಿನ ದಾರಿಗಳನ್ನೂ ಶುಚಿ ಮಾಡಿಸಿ. ಅವು ತುಕ್ಕಿನಿಂದ ಕಟ್ಟಿಕೊಂಡರೆ ಹಿಂದಿನ ಸಿಲಿಂಡರುಗಳಿಗೆ ತಂಪು ಸರಿಯಾಗಿ ತಲುಪುವುದಿಲ್ಲ. ಗಾಡಿ ಕಾದಾಗಲೆಲ್ಲ ರೇಡಿಯೇಟರ್ ಬದಲಿಸುವವರು ಇವುಗಳ ಕಡೆ ನೋಡಿರುವುದೇ ಇಲ್ಲ.

ಬ್ಲಾಕ್ ಹೋಗಿದ್ದರೆ ಸಾರ್ವಜನಿಕರಿಗೆಂದು ಮಾಡಿದ ಸಿಜೆ-2ಎ ಅಥವಾ ಸಿಜೆ-3ಎ ಜೀಪಿನ ಎಲ್-134 ಎಂಜಿನ್ ಹುಡುಕಿ. ಅದೇ ಕುಟುಂಬದ್ದು, ಹೆಚ್ಚು ಕೊರೆತ ವೆಲ್ಡಿಂಗ್ ಬೇಡ. ಎಂಬಿಯಲ್ಲಿ ವಾಲ್ವ್ ಎತ್ತುವ ಕ್ಯಾಮ್ ತಿರುಗುವುದು ಟೈಮಿಂಗ್ ಚೈನ್‌ನಿಂದ, ನಂತರದ ಎಂಜಿನ್‌ಗಳಲ್ಲಿ ಗೇರ್‌ನಿಂದ. ಗೇರ್ ಇದ್ದರೆ ಕ್ಯಾಮ್ ಉಲ್ಟಾ ತಿರುಗುತ್ತದೆ, ಆದ್ದರಿಂದ ಹಳೆಯ ಆಯಿಲ್ ಪಂಪ್ ಅದಕ್ಕೆ ಕೂರಿಸಬೇಡಿ. ಫ್ಲೈವೀಲ್ ಹಲ್ಲೂ ಸ್ಟಾರ್ಟರ್ ಹಲ್ಲೂ ಹೊಂದುತ್ತವೆಯೇ ನೋಡಿಕೊಳ್ಳಿ. ಸಿಜೆ-3ಬಿಯ ಹರಿಕೇನ್ ಎಂಜಿನ್ ಎತ್ತರ ಹೆಚ್ಚು. ಆ ಜೀಪಿಗೆ ಬಾನೆಟ್ ಎತ್ತರಿಸಿದ್ದೇ ಅದಕ್ಕಾಗಿ, ಎಂಬಿಯ ಬಾನೆಟ್ ಕೆಳಗೆ ಅದು ಕೂರುವುದಿಲ್ಲ.

ಡೀಸೆಲ್ ಎಂದರೆ ಎಂಜಿನ್ ಕೂರುವ ಮೌಂಟ್, ಗೇರ್‌ಬಾಕ್ಸ್‌ಗೆ ಸೇರಿಸುವ ಬೆಲ್ ಹೌಸಿಂಗ್, ರೇಡಿಯೇಟರ್, ಹಳೆಯ 6 ವೋಲ್ಟ್ ವೈರಿಂಗ್ ಎಲ್ಲ ಬದಲಿಸಬೇಕು. ಮೂಲ ಟಿ-84 ಗೇರ್‌ಬಾಕ್ಸ್ ಆ ಎಳೆತಕ್ಕೆ ಮಾಡಿದ್ದಲ್ಲ. ಆರ್‌ಟಿಒ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿ ಮೂಲ ರೂಪದಲ್ಲಿರುವ ಗಾಡಿಗೆ ಮಾತ್ರ, ಎಂಜಿನ್ ಮಾರ್ಪಾಡಾದರೆ ಆ ದಾರಿ ಮುಚ್ಚಿತು. ಆ ನೋಂದಣಿಯಲ್ಲಿ ನಿತ್ಯ ಓಡಿಸುವಂತಿಲ್ಲ ಎನ್ನುವುದೂ ನೆನಪಿರಲಿ.

ತೋಟದೊಳಗೆ ಗೊಬ್ಬರ ಹೊರಲೆಂದೇ ಡೀಸೆಲ್ ಬೇಕೆನ್ನುವವರ ಜೊತೆ ನಾನು ಜಗಳವಾಡುವುದಿಲ್ಲ. ಆದರೆ ಇಳಿಸಿದ ಬ್ಲಾಕ್ ಗುಜರಿಗೆ ಹೋಗಬಾರದು. ಫೋರ್ಡ್ ಜೀಪಿನಲ್ಲಂತೂ ಕಾರ್ಖಾನೆಯಿಂದ ಬಂದಾಗ ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ಒಂದೇ. ಬೋರ್‌ಗೆ ಗ್ರೀಸ್ ಬಳಿದು, ಟಾರ್ಪಾಲ್ ಸುತ್ತಿ, ನೆಲದಿಂದ ಎತ್ತರದಲ್ಲಿಡಿ.