ಚಂದಾ ಬಾಕಿ ಇದ್ದವರ ಸಮಾಧಿ: ಆದಿ ಸಭೆಯ ಲೆಕ್ಕ ನೋಡಿ ನಾವು ಬದಲಿಸಿದ್ದು

ಆದಿ ಸಭೆಯ, ಅಂದರೆ ಮೊದಲ ಶತಮಾನಗಳ ಕ್ರೈಸ್ತರ ಸಭೆಯ ಹಾಗೆ ನಾವೂ ಆಗಬೇಕು ಎಂದು ಪ್ರಸಂಗಗಳಲ್ಲಿ ಕೇಳುತ್ತಲೇ ಇರುತ್ತೇವೆ. ಹಾಗೆಂದರೆ ಕೆಲವರಿಗೆ ಅನ್ಯಭಾಷೆ, ಅದ್ಭುತ, ರೋಗ ವಾಸಿಯಾಗುವುದು. ಇನ್ನು ಕೆಲವರಿಗೆ ದೇವಾಲಯದ ಕಟ್ಟಡ ಬಿಟ್ಟು ಮನೆಗಳಲ್ಲಿ ಕೂಡುವುದು. ನಾನು ನಮ್ಮ ಸಭೆಯ ಖಜಾಂಚಿ. ನನ್ನ ಕಣ್ಣು ಬೇರೆ ಕಡೆ ಹೋಯಿತು. ಅವರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು?

ನಮ್ಮದು ಉತ್ತರ ಕರ್ನಾಟಕದ ಒಂದು ಊರಿನ ಸಭೆ. 1830ರ ದಶಕದ ಕೊನೆಗೆ ಈ ಭಾಗಕ್ಕೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದ ಇರುವ ಹಳೆಯ ಕುಟುಂಬಗಳು ಇಲ್ಲಿವೆ. ರೈಲ್ವೆ ಕೆಲಸಕ್ಕೆಂದು ಬಂದ ತೆಲುಗು ಮನೆಗಳಿವೆ. ಈಚೆಗೆ ಹಳ್ಳಿಗಳಿಂದ ಬಂದು ಕಟ್ಟಡ ಕೆಲಸ, ಮನೆಗೆಲಸ ಮಾಡುವವರೂ ಇದ್ದಾರೆ. ಪ್ರತಿ ಕುಟುಂಬ ತಿಂಗಳ ಚಂದಾ ಕಟ್ಟಬೇಕು. ಬಾಕಿ ಇದ್ದರೆ ಮದುವೆಯ ಪ್ರಕಟಣೆ ಇಲ್ಲ. ಸಾವಾದರೂ ಅಷ್ಟೇ. ಬಾಕಿ ತೀರಿಸಿ ಖಜಾಂಚಿಯಿಂದ ಚೀಟಿ ತಂದ ಮೇಲೆಯೇ ಸಮಾಧಿ ಭೂಮಿಯಲ್ಲಿ ಗುಂಡಿ ತೋಡುವವರಿಗೆ ಹೇಳುವುದು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದ ನಿಯಮಗಳಿಗಿಂತ ಗಟ್ಟಿಯಾಗಿ ನಡೆಯುತ್ತಿತ್ತು. ಹೆಣ ಮನೆಯಲ್ಲಿಟ್ಟುಕೊಂಡು ಪಕ್ಕದ ಮನೆಯವರ ಹತ್ತಿರ ಕೈಸಾಲ ತಂದು ಬಾಕಿ ಕಟ್ಟಿದವರನ್ನು ನಾನು ಬಲ್ಲೆ.

ನಮ್ಮ ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಇತಿಹಾಸದ ಹುಚ್ಚು. ಒಂದು ದಿನ ಅವರು ರೋಮ್ ಹತ್ತಿರದ ಲನುವಿಯಂ ಎಂಬ ಊರಿನಲ್ಲಿ ಸಿಕ್ಕ ಕಲ್ಲಿನ ಶಾಸನದ ವಿಷಯ ಹೇಳಿದರು. ಕ್ರಿ.ಶ. 136ರದ್ದು. ದಿಯಾನಾ ದೇವಿ ಮತ್ತು ಸತ್ತ ಮೇಲೆ ದೇವರೆಂದು ಪೂಜಿಸಲ್ಪಟ್ಟ ಅಂತಿನೋಯಸ್ ಎಂಬ ಯುವಕನ ಹೆಸರಿನಲ್ಲಿ ಬಡವರು, ದಾಸರು ಸೇರಿ ಕಟ್ಟಿಕೊಂಡ ಸಂಘ ಅದು. ಕ್ರೈಸ್ತರದ್ದಲ್ಲ. ಸೇರುವಾಗ 100 ಸೆಸ್ಟರ್ಸ್ ನಾಣ್ಯ ಮತ್ತು ಒಂದು ದೊಡ್ಡ ಹೂಜಿ ಒಳ್ಳೆಯ ದ್ರಾಕ್ಷಾರಸ ಕೊಡಬೇಕು. ಆಮೇಲೆ ತಿಂಗಳಿಗೆ 5 ಆಸ್ (ಸಣ್ಣ ನಾಣ್ಯ) ಚಂದಾ. ಸತ್ತರೆ ಸಂಘದಿಂದ ಅಂತ್ಯಕ್ರಿಯೆಯ ಖರ್ಚು. ಆದರೆ ಸತತವಾಗಿ ಕೆಲವು ತಿಂಗಳು ಚಂದಾ ಕಟ್ಟದೆ ಸತ್ತರೆ ಏನೂ ಇಲ್ಲ. ಕಲ್ಲಿನಲ್ಲಿ ಸ್ಪಷ್ಟವಾಗಿ ಕೆತ್ತಿದ್ದಾರೆ.

ನಾನು ನಕ್ಕುಬಿಟ್ಟೆ. ಇದು ನಮ್ಮದೇ ಚಂದಾ ಪುಸ್ತಕ ಅಲ್ವಾ! ದ್ರಾಕ್ಷಾರಸ ಒಂದು ಕಡಿಮೆ.

ಇದೇ ಪದ್ಧತಿಯ ನಡುವೆಯೇ ಆದಿ ಸಭೆಯವರೂ ಬದುಕುತ್ತಿದ್ದರು. ಸುಮಾರು 197ರಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯಾನ ಕ್ರೈಸ್ತರ ಪರವಾಗಿ ವಾದ ಮಾಡುತ್ತಾ ಸಭೆಯ ಹಣದ ವಿಷಯ ಬರೆದಿದ್ದಾನೆ. ಅವರಲ್ಲೂ ಪೆಟ್ಟಿಗೆ ಇತ್ತು, ಅವರದ್ದೂ ತಿಂಗಳ ಲೆಕ್ಕವೇ. ಆದರೆ ಮನಸ್ಸಿದ್ದರೆ, ಕೈಲಾದರೆ ಮಾತ್ರ ಸ್ವಲ್ಪ ಹಾಕುವುದು. ಬಲವಂತ ಯಾರಿಗೂ ಇಲ್ಲ. ಆ ಹಣ ಹಬ್ಬದೂಟಕ್ಕೆ, ಕುಡಿತಕ್ಕೆ ಹೋಗುವುದಿಲ್ಲ. ಬಡವರಿಗೆ ಊಟ ಹಾಕಲು, ಬಡವರನ್ನು ಮಣ್ಣು ಮಾಡಲು, ತಂದೆತಾಯಿ ಇಲ್ಲದ ಮಕ್ಕಳಿಗೆ, ವಯಸ್ಸಾದ ಮನೆಯಾಳುಗಳಿಗೆ, ಹಡಗು ಒಡೆದು ಎಲ್ಲ ಕಳೆದುಕೊಂಡವರಿಗೆ, ದೇವರ ನಿಮಿತ್ತ ಗಣಿಗಳಲ್ಲಿ, ದ್ವೀಪಗಳಲ್ಲಿ, ಸೆರೆಮನೆಗಳಲ್ಲಿ ಇರುವವರಿಗೆ ಹೋಗುತ್ತದೆ. ಲನುವಿಯಂನಂಥ ಸಂಘದಲ್ಲಿ ಕಟ್ಟಿದವನಿಗೆ ಸಿಗುತ್ತಿತ್ತು. ಕ್ರೈಸ್ತರಲ್ಲಿ ಕಟ್ಟಲು ಆಗದವನಿಗೆ ಸಿಗುತ್ತಿತ್ತು. ಇಬ್ಬರ ಪೆಟ್ಟಿಗೆಯೂ ನೋಡಲು ಒಂದೇ ಥರ ಇದ್ದಿರಬೇಕು.

ನನಗೆ ಆದಿ ಸಭೆಯಿಂದ ಕಲಿಯುವುದು ಬೇರೇನೂ ಸಿಗದಿದ್ದರೂ ಇದೊಂದೇ ಸಾಕಿತ್ತು. ಲೆಂಟ್ ಕಾಲದ (ಈಸ್ಟರ್ ಮುಂಚಿನ ಉಪವಾಸದ ದಿನಗಳ) ಶುಕ್ರವಾರದ ಕೂಟಗಳಲ್ಲಿ ಅಯ್ಯನವರು ಪ್ರಸಂಗದ ಬದಲು ಈ ಹಳೆಯ ಬರಹಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ತೆರ್ತುಲ್ಲಿಯಾನ ಒಂದು ವಾರ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಬೋಧಕ ಜಸ್ಟಿನ್ ಭಾನುವಾರದ ಆರಾಧನೆಯ ಬಗ್ಗೆ ಬರೆದದ್ದು ಇನ್ನೊಂದು ವಾರ. 251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯ ಬರೆದ ಪತ್ರವನ್ನೂ ಓದಿದೆವು. ಆ ಒಂದೇ ಸಭೆ 1500ಕ್ಕಿಂತ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿರುವವರನ್ನೂ ಸಾಕುತ್ತಿತ್ತು. ಅಷ್ಟು ಜನರ ಪಟ್ಟಿ ಇಟ್ಟುಕೊಂಡ ಖಜಾಂಚಿ ಯಾರೋ, ಅವನಿಗೆ ನನ್ನ ನಮಸ್ಕಾರ.

ಕಮಿಟಿಯಲ್ಲಿ ವಿಷಯ ಇಟ್ಟಾಗ ಹಿರಿಯರೊಬ್ಬರು ನೇರವಾಗಿ ಕೇಳಿದರು: "ಚಂದಾ ಕೊಡದವರಿಗೂ ಪುಕ್ಕಟೆ ಅಂದ್ರ, ಕೊಡೋರು ಯಾಕ ಕೊಡಬೇಕ್ರೀ?" ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಯ್ಯನವರ ಸಂಬಳ, ಡಯಾಸಿಸ್ಸಿಗೆ (ಬಿಷಪ್ಪರ ಆಡಳಿತದ ಪ್ರಾಂತಕ್ಕೆ) ಕಟ್ಟುವ ಪಾಲು, ಕರೆಂಟ್ ಬಿಲ್ಲು ಎಲ್ಲವೂ ಚಂದಾದಿಂದಲೇ ನಡೆಯಬೇಕು. ನಾನು ಹೇಳಿದ್ದು ಇಷ್ಟೇ: ಚಂದಾ ಇರಲಿ, ವಸೂಲಿಯೂ ಇರಲಿ, ಮತ ಹಾಕುವ ಹಕ್ಕಿಗೆ ಚಂದಾ ಬೇಕೆಂಬ ನಿಯಮವೂ ಇರಲಿ. ಸಾವಿಗೆ ಮಾತ್ರ ಅದನ್ನು ತಳಕು ಹಾಕಬೇಡಿ. ಎಲ್ಲರೂ ಆಸ್ತಿ ಮಾರಿ ತಂದು ಹಾಕಿ ಎಂದು ನಾನು ಹೇಳಲಿಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು ಐದನೇ ಅಧ್ಯಾಯದಲ್ಲಿ ಪೇತ್ರನೇ ಹೊಲ ಮಾರಿದ ಅನನೀಯನಿಗೆ, ಮಾರುವ ಮುಂಚೆ ಹೊಲ ನಿನ್ನದೇ ಆಗಿತ್ತಲ್ಲ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲ ಎನ್ನುತ್ತಾನೆ. ಅಲ್ಲೂ ಬಲವಂತ ಇರಲಿಲ್ಲ.

ಕಮಿಟಿಯ ಒಂದೇ ಕೂಟದಲ್ಲಿ ಒಪ್ಪಿಗೆ ಸಿಗಲಿಲ್ಲ. ಸಿಕ್ಕಾಗ ಸಿಕ್ಕದ್ದು ಎರಡು ನಿರ್ಣಯ. ಒಂದು, ಸಾವಾದ ಮನೆಯವರು ಖಜಾಂಚಿಯ ಹತ್ತಿರ ಬರಬೇಕಾಗಿಲ್ಲ. ಸಭಾ ಹಿರಿಯರೇ ಆ ಮನೆಗೆ ಹೋಗಬೇಕು. ಹೆಣದ ಪೆಟ್ಟಿಗೆ, ಗುಂಡಿ, ವ್ಯಾನು ಎಲ್ಲದರ ಖರ್ಚನ್ನು ಮೊದಲು ಸಭೆ ಕೊಡುವುದು. ಉಳ್ಳವರು ಆಮೇಲೆ ತಾವಾಗಿಯೇ ಕೊಟ್ಟರೆ ರಸೀದಿ ಹಾಕುವುದು, ಇಲ್ಲದವರನ್ನು ಕೇಳದಿರುವುದು. ಎರಡು, ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ದಿನ ಬರುವ ಕಾಣಿಕೆ ಪೂರ್ತಿ ಬಡವರ ನಿಧಿಗೆ. ಮೊದಲೂ ನಮ್ಮಲ್ಲಿ ಬಡವರ ನಿಧಿ ಇತ್ತು. ಎಲ್ಲ ಖರ್ಚು ಕಳೆದು ಉಳಿದರೆ ಅದಕ್ಕೆ. ಉಳಿಯುತ್ತಿರಲಿಲ್ಲ.

ಮೊದಮೊದಲು ಕೆಲವು ಮನೆಗಳು ಚಂದಾ ನಿಲ್ಲಿಸಿದ್ದು ನಿಜ. ಹೊರಗಿನ ಗೋಡೆಗೆ ಬಣ್ಣ ಹೊಡೆಸುವುದು ಮುಂದಕ್ಕೆ ಹೋಯಿತು, ಇನ್ನೂ ಹೊಡೆಸಿಲ್ಲ. ಆದರೆ ಮೊದಲ ಭಾನುವಾರದ ಚೀಲ ಮಿಕ್ಕ ಭಾನುವಾರಗಳಿಗಿಂತ ಭಾರವಾಗಿ ಬರತೊಡಗಿತು. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದರೆ ಜನ ಕೊಡುತ್ತಾರೆ.

ದುಡ್ಡಿಗಿಂತ ಜಾಸ್ತಿ ತಲೆನೋವು ತಂದದ್ದು ಅದನ್ನು ಹಂಚುವ ಕೆಲಸ. ಯಾರಿಗೆ ಕಷ್ಟ ಇದೆ ಎಂದು ಹಳೆಯ ಕುಟುಂಬಗಳ ಹಿರಿಯರನ್ನು ಕೇಳಿದರೆ ಅವರಿಗೆ ಗೊತ್ತಿದ್ದದ್ದು ತಮ್ಮ ಓಣಿಯ ಹೆಸರುಗಳೇ. ಸುಳ್ಳು ಹೇಳುತ್ತಿರಲಿಲ್ಲ, ಅವರ ಕಣ್ಣಿಗೆ ಬೀಳುತ್ತಿದ್ದದ್ದೇ ಅಷ್ಟು. ರೈಲ್ವೆ ಕಡೆಯ ತೆಲುಗು ಅಜ್ಜಿಯರ ಹೆಸರು ಪಟ್ಟಿಗೆ ಬರುತ್ತಲೇ ಇರಲಿಲ್ಲ. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಗೆ ಬಂದದ್ದೂ ಇದೇ ತಂಟೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರು ಬಿಟ್ಟುಹೋಗುತ್ತಿದ್ದರು. ಆಗ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳಕ್ಕೆ ಏಳೂ ಗ್ರೀಕ್ ಹೆಸರು. ನಿಕೊಲಾಯನಂತೂ ಅಂತಿಯೋಕ್ಯದವನು, ಹುಟ್ಟು ಯೆಹೂದ್ಯನೂ ಅಲ್ಲ. ಎರಡೂ ಕಡೆಯಿಂದ ಸಮವಾಗಿ ಆರಿಸೋಣ ಎಂಬ ರಾಜಿ ಅಲ್ಲಿ ಕಾಣುವುದಿಲ್ಲ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆ ಹೋದಂತೆ ಕಾಣುತ್ತದೆ.

ಈ ಭಾಗವನ್ನು ನಾನು ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕೇಳಿದ್ದೇನೆ. ಸ್ತೆಫನನ ಮೇಲೆ ಕಲ್ಲೆಸೆದದ್ದು ಮಾತ್ರ ನೆನಪಿತ್ತು. ಆ ಏಳು ಜನರನ್ನು ಆರಿಸಿದ ಹಾಗೇ ನಮ್ಮಲ್ಲೂ ಮಾಡಿದೆವು. ಮನೆ ಮನೆಗೆ ಹೋಗಿ ನೋಡಿ ಬರುವ ತಂಡಕ್ಕೆ ಹೊಸಬರ ಕಡೆಯವರನ್ನೇ ಹಾಕಿದೆವು, ಅದರಲ್ಲೂ ಹೆಂಗಸರನ್ನು. ಕೆಂಖ್ರೆ ಎಂಬ ಊರಿನ ಸಭೆಯ ಸೇವಕಿ ಫೊಯಿಬೆಯನ್ನು ಅಪೊಸ್ತಲ ಪೌಲನೇ ರೋಮಾಪುರದವರಿಗೆ ಪರಿಚಯ ಮಾಡಿ ಕಳಿಸಿದ್ದಾನೆ, ಆದ್ದರಿಂದ ಹೆಂಗಸರು ಎಂಬ ಕಾರಣಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಲೆಕ್ಕ ನನ್ನ ಹತ್ತಿರ. ಯಾರಿಗೆ, ಎಷ್ಟು ಎನ್ನುವುದು ಅವರ ತೀರ್ಮಾನ. ವಾರ್ಷಿಕ ಸಭೆಯಲ್ಲಿ ಒಟ್ಟು ಮೊತ್ತ ಓದುತ್ತೇವೆ, ಹೆಸರು ಓದುವುದಿಲ್ಲ.

ಕೊಡುವವರು ಸಿಕ್ಕರು, ಹಂಚುವವರು ಸಿಕ್ಕರು. ತೆಗೆದುಕೊಳ್ಳುವವರನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಒಬ್ಬ ಅಜ್ಜಿ ಕವರನ್ನು ಹಾಗೇ ವಾಪಸು ಕಳಿಸಿದರು. "ನಾ ಯಾರಿಗೂ ಭಾರ ಆಗೂದಿಲ್ಲಪ್ಪಾ" ಎಂದರು. ಅವರ ಮನೆಯಲ್ಲಿ ಮಾತ್ರೆಗೆ ದುಡ್ಡಿಲ್ಲ ಎಂದು ತಂಡದವರಿಗೆ ಗೊತ್ತಿತ್ತು. ಆಗ ಅಯ್ಯನವರು ಆದಿ ಸಭೆಯ ಬಿಷಪ್, ಸ್ಮುರ್ನದ ಪೊಲಿಕಾರ್ಪನ ಮಾತು ತೆಗೆದರು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಅವನು ವಿಧವೆಯರನ್ನು ದೇವರ ಬಲಿಪೀಠ ಎಂದು ಕರೆದಿದ್ದಾನೆ. ಬಲಿಪೀಠದ ಮೇಲೆ ಇಟ್ಟದ್ದನ್ನು ಯಾರೂ ಭಿಕ್ಷೆ ಅನ್ನುವುದಿಲ್ಲ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲೂ ವಿಧವೆಯರ ಪಟ್ಟಿ ಇದೆ. ಅರವತ್ತು ವರ್ಷ ದಾಟಿರಬೇಕು, ಸತ್ಕ್ರಿಯೆಗಳಿಗೆ ಹೆಸರಾಗಿರಬೇಕು, ರಾತ್ರಿ ಹಗಲು ಪ್ರಾರ್ಥನೆ ಮಾಡುವವಳಾಗಿರಬೇಕು. ಅಂದರೆ ಅವರಿಗೆ ಸಭೆಯಲ್ಲಿ ಒಂದು ಸ್ಥಾನ ಇತ್ತು.

ಆದ್ದರಿಂದ ಆ ಅಜ್ಜಿಯ ಹತ್ತಿರ ಕೆಲಸ ಕೇಳಿಕೊಂಡು ಹೋದೆವು. ಆಸ್ಪತ್ರೆಯಲ್ಲಿರುವವರ ಹೆಸರುಗಳನ್ನು ಪ್ರತಿ ವಾರ ಅವರಿಗೆ ಕೊಡುವುದು, ಅವರು ಪ್ರಾರ್ಥನೆ ಮಾಡುವುದು, ಬುಧವಾರ ಇನ್ನಷ್ಟು ಅಜ್ಜಿಯರನ್ನು ಸೇರಿಸಿಕೊಂಡು ಕೂಡುವುದು. ಒಪ್ಪಿಕೊಂಡರು. ಕವರನ್ನೂ ತೆಗೆದುಕೊಂಡರು. ಈಗ ಪಟ್ಟಿ ತಡವಾದರೆ ಫೋನ್ ಮಾಡಿ ನನ್ನನ್ನೇ ಬೈಯುತ್ತಾರೆ.

ಊಟದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಭೆಯವರೆಲ್ಲ ಕೂಡಿ ಉಣ್ಣುವ ಪ್ರೀತಿ ಭೋಜನ ಅಂದರೆ ಯಾರಾದರೂ ಪ್ರಾಯೋಜಕರು, ಅವರ ಹೆಸರಿನ ಪ್ರಕಟಣೆ, ಮುಂದಿನ ಸಾಲಿನಲ್ಲಿ ಗಣ್ಯರು. ಕೊರಿಂಥದಲ್ಲಿ ಒಬ್ಬ ಹಸಿದಿರುವಾಗ ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಎಂದು ಪೌಲ ಗದರಿಸಿದ್ದು ಇಂಥ ಊಟವನ್ನೇ. ನಾವು ಪ್ರಾಯೋಜಕರನ್ನು ಬಿಟ್ಟೆವು. ಮನೆಯಿಂದ ಅಡುಗೆ ತರುವುದೂ ಬೇಡ ಎಂದೆವು, ಯಾಕೆಂದರೆ ಯಾರ ಡಬ್ಬಿಯಲ್ಲಿ ಮಟನ್, ಯಾರದ್ದರಲ್ಲಿ ಬರೀ ಚಿತ್ರಾನ್ನ ಎಂಬುದು ಎದ್ದು ಕಾಣುತ್ತದೆ. ಅಕ್ಕಿ, ಬೇಳೆ, ಬದನೆಕಾಯಿ, ಎಣ್ಣೆ, ಕೈಲಾದದ್ದನ್ನು ಶನಿವಾರ ಸಂಜೆ ತಂದು ಅಡುಗೆಮನೆಯಲ್ಲಿ ಇಟ್ಟು ಹೋಗುವುದು. ಒಂದೇ ಪಾತ್ರೆಯಲ್ಲಿ ಅಡುಗೆ. ಬಡಿಸುವುದು ಕಮಿಟಿಯವರು, ಉಣ್ಣುವುದೂ ಅವರೇ ಕೊನೆಗೆ. ಪಲ್ಲೆ ಮುಗಿದಿರುತ್ತದೆ, ಅದಕ್ಕೆ ಒಗ್ಗಿಕೊಂಡಿದ್ದೇವೆ. ಬರಲಾಗದವರಿಗೆ ಸೇವಕರ ಕೈಯಲ್ಲಿ ಪಾಲು ಕಳಿಸುತ್ತಿದ್ದರು ಎಂದು ಜಸ್ಟಿನ್ ಬರೆದಿದ್ದಾನೆ. ಹಾಸಿಗೆ ಹಿಡಿದವರ ಮನೆಗೆ ಅದೇ ಮಧ್ಯಾಹ್ನ ಅಯ್ಯನವರು ಕರ್ತನ ಭೋಜನ ಕೊಡಲು ಹೋಗುತ್ತಾರೆ. ತಂಡದವರು ಊಟದ ಕ್ಯಾರಿಯರ್ ಹಿಡಿದು ಜೊತೆಗೆ ಹೋಗುತ್ತಾರೆ.

ಖಜಾಂಚಿಗಳಿಗೆ ಅತ್ಯಂತ ಉಪಯೋಗದ ಹಳೆಯ ಪುಸ್ತಕ ಎಂದರೆ ದಿದಾಖೆ. ಒಂದನೇ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ, ಸಭೆ ನಡೆಸುವ ರೀತಿ ಹೇಳುವ ಪುಟ್ಟ ಕೈಪಿಡಿ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರೂರು ತಿರುಗುವ ಬೋಧಕ ಬಂದರೆ ಒಂದು ದಿನ ಇಟ್ಟುಕೊಳ್ಳಿ, ಬೇಕಾದರೆ ಎರಡು ದಿನ. ಮೂರು ದಿನ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ಊರಿನವರೆಗೆ ರೊಟ್ಟಿ ಕೊಡಿ. ಹಣ ಕೇಳಿದರೆ ಸುಳ್ಳು ಪ್ರವಾದಿ. ಇಲ್ಲದ ಬೇರೆಯವರಿಗಾಗಿ ಕೇಳಿದರೆ ಮಾತ್ರ ಅವನಿಗೆ ತೀರ್ಪು ಮಾಡಬೇಡಿ. ಎಷ್ಟು ಅನುಭವಸ್ಥರು ಬರೆದದ್ದು! ಈಗ ನಮ್ಮಲ್ಲಿ ಹೊರಗಿನ ಪ್ರಸಂಗಿಗಳಿಗೆ ಪ್ರಯಾಣದ ಖರ್ಚು, ಊಟ, ಎಲ್ಲರಿಗೂ ಒಂದೇ ಗೌರವಧನ. ಅವರ ಹೆಸರಿನಲ್ಲಿ ಬೇರೆ ಕಾಣಿಕೆ ಎತ್ತುವುದಿಲ್ಲ. ಒಂದಿಬ್ಬರು ಈ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ದೊಡ್ಡ ದಾನಿಗಳ ವಿಷಯದಲ್ಲೂ ಒಂದು ಉದಾಹರಣೆ ಕೈಗೆ ಸಿಕ್ಕಿತು. ಮಾರ್ಕಿಯೋನ್ ಎಂಬುವನು ರೋಮಿನ ಸಭೆಗೆ 2,00,000 ಸೆಸ್ಟರ್ಸ್ ಕೊಟ್ಟಿದ್ದ. 144ರ ಸುಮಾರಿಗೆ ಅವನ ಬೋಧನೆ ಸರಿ ಇಲ್ಲವೆಂದು ಹೊರಗೆ ಹಾಕಿದಾಗ ಅಷ್ಟೂ ಹಣ ವಾಪಸು ಕೊಟ್ಟರು. ಹಣದ ಜೊತೆ ಷರತ್ತು ತರುವವರು ಬಂದಾಗಲೆಲ್ಲ ನಾನು ಕಮಿಟಿಗೆ ಇದನ್ನು ನೆನಪಿಸುತ್ತೇನೆ. ಪ್ರತಿ ಸಲ ನನ್ನ ಮಾತು ನಡೆಯುತ್ತದೆ ಎಂದೇನಿಲ್ಲ. ಹೊಸ ಸೌಂಡ್ ಸಿಸ್ಟಮ್ ಮೇಲೆ ದಾನಿಯ ಹೆಸರಿನ ಫಲಕ ಇದ್ದೇ ಇದೆ.

ಈಗ ಕಮಿಟಿ ಮುಂದೆ ಇರುವ ಪ್ರಶ್ನೆ ಬೇರೆ. ದೇವಾಲಯದ ಹಿಂದಿನ ಓಣಿಯಲ್ಲಿ ಒಬ್ಬ ಗಾರೆ ಕೆಲಸದವರು ಬಿದ್ದು ಬೆನ್ನು ಪೆಟ್ಟು ಮಾಡಿಕೊಂಡಿದ್ದಾರೆ. ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ತಂಡದವರು ಅವರ ಹೆಸರನ್ನು ಪಟ್ಟಿಯಲ್ಲಿ ಬರೆದು ತಂದರು. ನಮ್ಮವರಿಗೇ ಸಾಲದು ಎಂದು ಕೆಲವರು. ಅಯ್ಯನವರು 362ರಲ್ಲಿ ರೋಮಿನ ಯೂಲಿಯಾನ ಚಕ್ರವರ್ತಿ ಗಲಾತ್ಯದ ಪೂಜಾರಿಗೆ ಬರೆದ ಪತ್ರ ತೆಗೆದರು. ಯೂಲಿಯಾನ ಕ್ರೈಸ್ತರನ್ನು ಕಂಡರೆ ಆಗದವನು. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹೀಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆ ಎಂದು ಅವನು ಗೊಣಗುತ್ತಾನೆ. ಇಂಥ ಸಹಾಯಕ್ಕೆ ಯಾವ ಷರತ್ತೂ ಇರಬಾರದು, ಪ್ರಾರ್ಥನೆಗೆ ಬನ್ನಿ ಎಂದು ಕರೆಯುವುದೂ ಬೇಡ ಎಂದು ನಾನು ಬರೆದುಕೊಟ್ಟಿದ್ದೇನೆ. ಸದ್ಯಕ್ಕೆ ಆ ಮನೆಗೆ ತಿಂಗಳ ರೇಷನ್ ಹೋಗುತ್ತಿದೆ. ಬಡವರ ನಿಧಿಯಿಂದ ಇಂತಿಷ್ಟು ಪಾಲು ಹೊರಗಿನವರಿಗೆ ಎಂದು ನಿರ್ಣಯ ಮಾಡಬೇಕೋ, ಪಟ್ಟಿಗೆ ಬಂದವರೆಲ್ಲ ಒಂದೇ ಎನ್ನಬೇಕೋ ಎಂಬುದು ಮುಂದಿನ ಸಭೆಗೆ ಹೋಗಿದೆ. ನನ್ನ ಮತ ಎರಡನೆಯದಕ್ಕೆ.