ಹಳೆಯ ಕಾರಿಗೆ ಬೇರೆ ಚಕ್ರ: ಅಳತೆ ಮೊದಲು, ಖರೀದಿ ಆಮೇಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಇವತ್ತಿಗೂ ಮಾರುತಿ 800, ಓಮ್ನಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. 800 ಕಾರು ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅದು ಇನ್ನೂ ರಸ್ತೆಯ ಮೇಲಿದೆ ಅಂದರೆ ಮಾಲೀಕರು ಪ್ರೀತಿಯಿಂದ ನೋಡಿಕೊಂಡಿದ್ದಾರೆ ಅಂತಲೇ ಅರ್ಥ. ಅಂಥವರಿಗೆ ಕಬ್ಬಿಣದ ರಿಮ್ ತೆಗೆದು ಚೆಂದದ ಅಲಾಯ್, ಅಂದರೆ ಮಿಶ್ರಲೋಹದ ಚಕ್ರ ಹಾಕುವ ಆಸೆ ಬರುವುದು ಸಹಜ.

ತೊಡಕು ಇರುವುದು ಅಳತೆಯಲ್ಲಿ. ಹಳೆ ಅಲಾಯ್ ಹುಡುಕಿಕೊಂಡು ಹೋದರೆ ಕೈಗೆ ಸಿಗುವುದು ಹೆಚ್ಚಾಗಿ ಸ್ವಿಫ್ಟ್, ಸ್ಯಾಂಟ್ರೊ, ಹೋಂಡಾ ಸಿಟಿಯ ನಾಲ್ಕು ನಟ್ಟಿನ ಚಕ್ರಗಳು. ಅವುಗಳ ತೂತುಗಳು 100 ಮಿ.ಮೀ. ವೃತ್ತದ ಮೇಲೆ ಇರುತ್ತವೆ. 800 ಮತ್ತು ಓಮ್ನಿಯಲ್ಲಿ ನಟ್ಟು ಹಿಡಿಯುವ ಕಡ್ಡಿಗಳು, ಅಂದರೆ ಸ್ಟಡ್‌ಗಳು ಕೂತಿರುವುದು 114.3 ಮಿ.ಮೀ. ವೃತ್ತದ ಮೇಲೆ. ಈ ವೃತ್ತದ ವ್ಯಾಸಕ್ಕೆ ಪಿಸಿಡಿ ಅನ್ನುತ್ತಾರೆ. ಎರಡೂ ಕೂಡಬೇಕಾದರೆ ನಡುವೆ ಒಂದು ಅಡಾಪ್ಟರ್ ಬೇಕು. ಅಡಾಪ್ಟರ್ ಅಂದರೆ ದಪ್ಪನೆಯ ಲೋಹದ ಬಿಲ್ಲೆ. ಒಂದು ಕಡೆ ಕಾರಿನಲ್ಲಿ ಚಕ್ರ ಕೂರುವ ಹಬ್‌ಗೆ ಬಿಗಿಯುತ್ತದೆ, ಇನ್ನೊಂದು ಕಡೆ ಹೊಸ ಚಕ್ರಕ್ಕೆ ತನ್ನದೇ ಸ್ಟಡ್ ಕೊಡುತ್ತದೆ. ಸ್ಪೇಸರ್ ಕೆಲಸ ಬೇರೆ. ಅದು ಪಿಸಿಡಿ ಬದಲಿಸುವುದಿಲ್ಲ, ಚಕ್ರವನ್ನು ಸ್ವಲ್ಪ ಹೊರಕ್ಕೆ ತಳ್ಳುತ್ತದೆ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರಿನ ಪಿಸಿಡಿಯದ್ದೇ ಅಲಾಯ್ ಸಿಕ್ಕರೆ, ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಅದು ಸಿಗದೇ ಹೋದಾಗಿನ ದಾರಿ ಅಡಾಪ್ಟರ್. ಆ ದಾರಿ ಹಿಡಿಯುವುದಾದರೆ ಅಳತೆಯಲ್ಲಿ ಮಾತ್ರ ರಾಜಿ ಬೇಡ.

ಮೊದಲು ಟೇಪು, ವರ್ನಿಯರ್

ಚಕ್ರ ಬಿಚ್ಚಿ ಹಬ್ ನೋಡಿ. ನಾಲ್ಕು ಸ್ಟಡ್ ಇದ್ದರೆ ಎದುರುಬದುರಾದ ಎರಡು ಸ್ಟಡ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಅದೇ ಪಿಸಿಡಿ. ನಡುಮಧ್ಯ ಹಿಡಿಯುವುದು ಕಷ್ಟ ಅನಿಸಿದರೆ ಒಂದು ಸ್ಟಡ್‌ನ ಹೊರ ಅಂಚಿನಿಂದ ಎದುರಿನದರ ಒಳ ಅಂಚಿಗೆ ಅಳೆಯಿರಿ, ಅದೇ ಲೆಕ್ಕ ಬರುತ್ತದೆ. ಐದು ಸ್ಟಡ್ ಇದ್ದರೆ ನೇರ ಎದುರಿಗೆ ಯಾವುದೂ ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡರ ನಡುವಿನ ದೂರವನ್ನು 1.701ರಿಂದ ಗುಣಿಸಿ. ಜಿಪ್ಸಿಯಲ್ಲಿ ಇದು ಸುಮಾರು 82 ಮಿ.ಮೀ. ಬರುತ್ತದೆ, ಅಂದರೆ ಪಿಸಿಡಿ 139.7.

‘ಇಷ್ಟ ಸಣ್ಣ ಫರಕ್‌ಗೆ ಏನಾಗ್ತೈತ್ರಿ, ಕೂಡ್ಸೂಣು ಬಿಡ್ರಿ’ ಅನ್ನುವವರ ಮಾತು ಕೇಳಬೇಡಿ. ಫಿಯೆಟ್ ಪಾಲಿಯೊದ ಪಿಸಿಡಿ 98. ಅದಕ್ಕೆ 100ರ ಚಕ್ರ ಒತ್ತಿ ಕೂರಿಸಿದರೆ ಕೂತಂತೆ ಕಾಣುತ್ತದೆ. ಆದರೆ ಬೋಲ್ಟು ಓರೆಯಾಗಿ ಕೂತಿರುತ್ತದೆ. ಬಿಗಿ ಹಿಡಿದಂತೆ ಅನಿಸಿದರೂ ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಎರಡೇ ಮಿ.ಮೀ. ಅಲ್ವಾ ಅಂತ ಬಿಡುವ ವಿಷಯ ಇದಲ್ಲ.

ಆಮೇಲೆ ಹಬ್‌ನ ನಡುವಿನ ಉಬ್ಬು. ಚಕ್ರದ ನಡುತೂತು ಇದರ ಮೇಲೆ ಸರಿಯಾಗಿ ಕೂತರೆ ಮಾತ್ರ ಚಕ್ರ ನಟ್ಟನಡುವೆ ನಿಲ್ಲುತ್ತದೆ. ಸ್ವಿಫ್ಟ್ ಚಕ್ರದ ನಡುತೂತು 54.1 ಮಿ.ಮೀ., ಹೋಂಡಾ ಸಿಟಿಯದ್ದು 56.1. ಅಡಾಪ್ಟರ್ ಒಳಗಡೆ ನಿಮ್ಮ ಹಬ್‌ಗೆ ಹೊಂದಬೇಕು, ಹೊರಗಡೆ ಹೊಸ ಚಕ್ರದ ನಡುತೂತಿಗೆ ಹೊಂದಬೇಕು. ಸಂದು ಉಳಿದರೆ ಅದಕ್ಕೆಂದೇ ಹಬ್ ರಿಂಗ್ ಸಿಗುತ್ತದೆ. ಇದನ್ನು ಬಿಟ್ಟರೆ ವೇಗ ಏರಿದಾಗ ಸ್ಟೇರಿಂಗ್ ನಡುಗುತ್ತದೆ, ಎಷ್ಟು ಬಾರಿ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ.

ಚಕ್ರ ಎಷ್ಟು ಹೊರಗೆ ಬರುತ್ತದೆ?

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಅಲಾಯ್ ಮೇಲೆ 5.5ಜೆ, ಇಟಿ 40 ಅಂತ ಕೆತ್ತಿರುತ್ತದೆ. ಮೊದಲನೆಯದು ರಿಮ್ಮಿನ ಅಗಲ, ಇಂಚಿನಲ್ಲಿ. ಇಟಿ ಅಂದರೆ ಆಫ್‌ಸೆಟ್. ಅಗಲದ ಸರಿಮಧ್ಯದಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವ ಲೆಕ್ಕ. ಇಟಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಅಡಾಪ್ಟರ್ ಎಷ್ಟು ದಪ್ಪವೋ ಅಷ್ಟನ್ನು ಇಟಿಯಿಂದ ಕಳೆಯಬೇಕು. 40ರ ಚಕ್ರಕ್ಕೆ 25 ಮಿ.ಮೀ. ಅಡಾಪ್ಟರ್ ಹಾಕಿದರೆ ಉಳಿಯುವುದು 15.

ಒಂದು ಉದಾಹರಣೆ ತೆಗೆದುಕೊಳ್ಳಿ. ಹಳೆ ರಿಮ್ 4.5 ಇಂಚು, ಹೊಸದು 5.5 ಇಂಚು, ಎರಡರ ಇಟಿಯೂ ಒಂದೇ. ಒಂದು ಇಂಚು ಅಗಲವಾಯಿತು. ಅದರಲ್ಲಿ ಅರ್ಧ, ಅಂದರೆ 12.7 ಮಿ.ಮೀ., ಹೊರಗೆ ಬಂತು. ಅಡಾಪ್ಟರಿನ 25 ಕೂಡಿಸಿ. ಚಕ್ರದ ಹೊರ ಅಂಚು ಮೊದಲಿಗಿಂತ 37.7 ಮಿ.ಮೀ. ಹೊರಗೆ ಬಂತು. 800ರಂಥ ಪುಟ್ಟ ಕಾರಿಗೆ ಇದು ತೀರಾ ಜಾಸ್ತಿ. ಟೈರು ಮಡ್‌ಗಾರ್ಡ್ ದಾಟುತ್ತದೆ, ಗುಂಡಿಗೆ ಇಳಿದಾಗ ಅಂಚಿಗೆ ಉಜ್ಜುತ್ತದೆ. ಹಾಗಾಗಿ ಅಡಾಪ್ಟರ್ ಹಾಕುವವರು ಅಗಲ ಕಡಿಮೆ ಇರುವ, ಇಟಿ ಹೆಚ್ಚಿರುವ ಚಕ್ರವನ್ನೇ ಹುಡುಕಬೇಕು.

ಮಡ್‌ಗಾರ್ಡ್ ಒಂದೇ ಪ್ರಶ್ನೆ ಅಲ್ಲ. ಉದ್ದನೆಯ ಪಾನಾ ಹಿಡಿದರೆ ನಟ್ಟಿನ ಮೇಲೆ ಬಲ ಜಾಸ್ತಿ ಬೀಳುತ್ತದಲ್ಲ, ಹಾಗೆಯೇ ಚಕ್ರ ಹೊರಗೆ ಬಂದಷ್ಟೂ ಬೇರಿಂಗ್ ಮೇಲೆ ಭಾರ ಏರುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಗುಂಡಿ ಸಿಕ್ಕಾಗ ಕೈಯಿಂದ ಎಳೆದುಕೊಳ್ಳುತ್ತದೆ. ಇನ್ನು ಎರೆ ಮಣ್ಣು. ಮಳೆಗಾಲದಲ್ಲಿ ನವಲಗುಂದ, ಗದಗ ಕಡೆ ಹೊಲದ ದಾರಿಗೆ ಇಳಿದವರಿಗೆ ಅದರ ಅಂಟು ಗೊತ್ತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟೇ ಜಾಗ ಉಳಿದಿದ್ದರೆ ಆ ಮಣ್ಣು ತುಂಬಿಕೊಂಡು ಚಕ್ರವನ್ನೇ ಹಿಡಿಯುತ್ತದೆ. ಹಳ್ಳಿ ದಾರಿಯ ಓಡಾಟ ಇರುವವರು ಅಡಾಪ್ಟರ್ ಆಸೆ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಟೈರಿನ ಎತ್ತರವನ್ನೂ ಲೆಕ್ಕ ಹಾಕಿ. 800ರ 145/70 ಆರ್12 ಟೈರಿನ ಒಟ್ಟು ಎತ್ತರ ಸುಮಾರು 508 ಮಿ.ಮೀ. 13 ಇಂಚಿನ ರಿಮ್ಮಿಗೆ 155/65 ಆರ್13 ಹಾಕಿದರೆ ಸುಮಾರು 532. ಶೇ 4.7ರಷ್ಟು ದೊಡ್ಡದಾಯಿತು. ಮೀಟರಿನಲ್ಲಿ 60 ತೋರಿಸುವಾಗ ಗಾಡಿ 63ರ ಹತ್ತಿರ ಓಡುತ್ತಿರುತ್ತದೆ. ಶೇ 3ರ ಒಳಗೆ ಇಟ್ಟುಕೊಳ್ಳುವುದು ರೂಢಿ. ಟೈರಿನ ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಇರಲೇಬಾರದು. 71 ಅಂದರೆ ಒಂದು ಟೈರಿಗೆ 345 ಕೆ.ಜಿ., 75 ಅಂದರೆ 387 ಕೆ.ಜಿ.

ಅಡಾಪ್ಟರ್ ಆರಿಸುವುದು

ಹುಬ್ಬಳ್ಳಿಯಲ್ಲಿ ಲೇತ್ ಕೆಲಸಕ್ಕೆ ಬರವಿಲ್ಲ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ. ಅವರ ಕೈಗುಣದ ಬಗ್ಗೆ ನನಗೆ ತುಂಬಾ ಗೌರವ. ಆದರೆ ಇಲ್ಲಿ ಕೈಗುಣಕ್ಕಿಂತ ಲೋಹ ಮುಖ್ಯ. ಗುಜರಿಯಲ್ಲಿ ಸಿಕ್ಕ ಎರಕದ ತುಂಡನ್ನು ಎಷ್ಟೇ ನಯವಾಗಿ ಕಡೆದರೂ ಒಳಗಿನ ಬಿರುಕು, ಗುಳ್ಳೆ ಕಾಣುವುದಿಲ್ಲ. 6061-ಟಿ6 ಅಥವಾ 7075 ದರ್ಜೆಯ ಅಲ್ಯುಮಿನಿಯಂ ಅಂತ ಖಾತ್ರಿ ಇರುವುದನ್ನೇ ತೆಗೆದುಕೊಳ್ಳಿ. ಎರಕದ್ದು ಬೇಡ.

114.3ರಿಂದ 100ಕ್ಕೆ ಹೋಗುವಾಗ ಎರಡು ವೃತ್ತಗಳ ನಡುವೆ ಸಿಗುವುದು 7 ಮಿ.ಮೀ. ಮಾತ್ರ. ಅದಕ್ಕೇ ಹೊಸ ಸ್ಟಡ್‌ಗಳನ್ನು ಹಳೆಯವುಗಳ ನಡುನಡುವೆ, 45 ಡಿಗ್ರಿ ತಿರುಗಿಸಿ ಕೂರಿಸಿರಬೇಕು. ದಪ್ಪ 20–25 ಮಿ.ಮೀ.ಗಿಂತ ಕಡಿಮೆಯಾದರೆ ಒಳಗಿನ ನಟ್ಟುಗಳು ಹೊರಗೆ ಚಾಚಿ ಚಕ್ರದ ಬೆನ್ನಿಗೆ ತಾಗುತ್ತವೆ. ಕಾರಿನ ಮೂಲ ಸ್ಟಡ್ ಅಡಾಪ್ಟರಿಗಿಂತ ಉದ್ದವಿದ್ದರೂ ಇದೇ ಗತಿ. ಚಕ್ರದ ಬೆನ್ನಿನಲ್ಲಿ ಅದಕ್ಕೆ ಗುಳಿ ಇದೆಯೇ ನೋಡಿ.

ಸ್ಪೇಸರ್ ಬೇಕಾಗುವುದು ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಚಕ್ರಕ್ಕೆ ತಾಗುವಾಗ. 3–5 ಮಿ.ಮೀ. ಬಿಲ್ಲೆ ಸಾಕು ಅನಿಸಬಹುದು. ಆದರೆ ಸ್ಟಡ್ ಮೇಲಿನ ಮರೆ, ಅಂದರೆ ತಿರುಪಿನ ಗೆರೆ, ನಟ್ಟಿಗೆ ಅಷ್ಟು ಕಡಿಮೆ ಸಿಗುತ್ತದೆ ಅನ್ನುವುದು ನೆನಪಿರಲಿ. ನಟ್ಟು ಕಡೇ ಪಕ್ಷ ಸ್ಟಡ್‌ನ ದಪ್ಪದಷ್ಟು ಒಳಗೆ ಹಿಡಿಯಬೇಕು. 12 ಮಿ.ಮೀ. ಸ್ಟಡ್, 1.5 ಮರೆ (ಗೆರೆಯಿಂದ ಗೆರೆಗೆ 1.5 ಮಿ.ಮೀ.) ಇದ್ದರೆ ಪೂರಾ ಎಂಟು ಸುತ್ತು, 1.25 ಮರೆ ಇದ್ದರೆ ಹತ್ತು ಸುತ್ತು. ಬರದಿದ್ದರೆ ಉದ್ದದ ಸ್ಟಡ್ ಹಾಕಿಸಿ. ಎರಡು ಸ್ಪೇಸರ್ ಒಂದರ ಮೇಲೊಂದು ಇಡಲೇಬೇಡಿ.

ಕೂರಿಸುವುದು

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಉಳಿದ ಚಕ್ರಗಳಿಗೆ ಕಲ್ಲು ಕೊಡಿ, ಜ್ಯಾಕ್ ಜೊತೆ ಸ್ಟ್ಯಾಂಡ್ ಇಡಿ. ಹಬ್ ಮುಖವನ್ನು ತಂತಿ ಬ್ರಶ್‌ನಿಂದ ಹೊಳೆಯುವ ಹಾಗೆ ತಿಕ್ಕಿ. ತುಕ್ಕಿನ ಒಂದು ಚಕ್ಕೆ ಉಳಿದರೂ ಅಡಾಪ್ಟರ್ ಓರೆ ಕೂರುತ್ತದೆ. ಡ್ರಮ್ ಅಥವಾ ಡಿಸ್ಕ್ ಹಿಡಿದಿರುವ ಸಣ್ಣ ಸ್ಕ್ರೂ ಮೇಲೆ ಎದ್ದಿದೆಯೇ ಅಂತಲೂ ನೋಡಿ.

ಅಡಾಪ್ಟರ್ ಇಟ್ಟು ಎಲ್ಲ ನಟ್ಟು ಮೊದಲು ಕೈಯಿಂದಲೇ ಹಾಕಿ. ಮರೆಗೆ ಎಣ್ಣೆ, ಗ್ರೀಸು ಬೇಡ, ಬಿಗಿಯ ಲೆಕ್ಕ ತಪ್ಪುತ್ತದೆ. ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಗಿ. ಕೊನೆಯ ಬಿಗಿ ಟಾರ್ಕ್ ಪಾನಾದಿಂದಲೇ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಆಗಲಿ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು. ಗಾಳಿ ಗನ್ ಹಿಡಿದು ಝುರ್ರನೆ ತಿರುಗಿಸಲು ಬಿಡಬೇಡಿ. ಇನ್ನು ಚಕ್ರವಿಲ್ಲದೆ ಹಬ್ ತಿರುಗಿಸಿ, ಪಕ್ಕದಲ್ಲಿ ಸ್ಕ್ರೂಡ್ರೈವರ್ ತುದಿ ಅಲುಗದಂತೆ ಹಿಡಿದು ಅಡಾಪ್ಟರ್ ಅತ್ತಿತ್ತ ಆಡುತ್ತದೆಯೇ ನೋಡಿ. ಆಡಿದರೆ ಬಿಚ್ಚಿ ಮತ್ತೆ ತಿಕ್ಕಿ.

ಆಮೇಲೆ ಚಕ್ರ. ಇಲ್ಲಿ ನಟ್ಟಿನ ಆಕಾರ ಗಮನಿಸಿ. ಹೊರಗೆ ಸಿಗುವ ಅಲಾಯ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಶಂಕುವಿನ ನಟ್ಟು ಬೇಕು. ಹೋಂಡಾ ಕಂಪನಿಯ ಚಕ್ರಕ್ಕೆ ಗುಂಡು ತಳದ ನಟ್ಟು. ಅದಲುಬದಲಾದರೆ ಅಂಚಿನಲ್ಲಷ್ಟೇ ತಾಗಿ ನಿಲ್ಲುತ್ತದೆ. ಮರೆಯೂ ಬೇರೆಯಾಗಬಹುದು. ಮಾರುತಿಯ ಸ್ಟಡ್ 1.25, ಅಡಾಪ್ಟರಿನದು 1.5 ಇರಬಹುದು. ಒಂದೇ ಗಾಡಿಯಲ್ಲಿ ಎರಡು ಜಾತಿಯ ನಟ್ಟು ಆಯಿತು. ಬೇರೆ ಬೇರೆ ಡಬ್ಬಿಯಲ್ಲಿಡಿ.

ಚಕ್ರ ಕೂತ ಮೇಲೆ ಸ್ಟೇರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಹಿಂದಿನ ಸೀಟಿಗೆ ಮೂರು ಜನ ದೊಡ್ಡವರನ್ನು ಕೂರಿಸಿ ಉಬ್ಬಿನ ಮೇಲೆ ಮೆಲ್ಲಗೆ ಹಾಯಿಸಿ. ಉಜ್ಜುವ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿ. 50ರಿಂದ 100 ಕಿ.ಮೀ. ಓಡಿದ ನಂತರ ಚಕ್ರ ಬಿಚ್ಚಿ ಒಳಗಿನ ಅಡಾಪ್ಟರ್ ನಟ್ಟುಗಳನ್ನು ಮತ್ತೆ ಟಾರ್ಕ್ ನೋಡಿ ಬಿಗಿಯಬೇಕು. ಹೊರಗಿನವು ಕಣ್ಣಿಗೆ ಕಾಣುತ್ತವೆ, ಒಳಗಿನವು ಕಾಣುವುದಿಲ್ಲ. ಅದಕ್ಕೇ ಜನ ಇವನ್ನು ಮರೆಯುತ್ತಾರೆ. ಇದು ಆಗುವವರೆಗೆ ಹಾವೇರಿ ಕಡೆಯ ಹೆದ್ದಾರಿಗೆ ಇಳಿಯಬೇಡಿ, ಊರೊಳಗೇ ಓಡಿಸಿ.

ಕಾಗದ ಮತ್ತು ಸ್ಟೆಪ್ನಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನವನ್ನು ಮಾರ್ಪಡಿಸುವುದರ ಬಗ್ಗೆಯೇ ಇದೆ. ಚಕ್ರ ಮಡ್‌ಗಾರ್ಡ್ ದಾಟಿದರೆ ಆಕ್ಷೇಪ ಬರುವುದು ಖಂಡಿತ. ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ. ಹೇಳದೆ ಬಿಟ್ಟರೆ ಪರಿಹಾರ ಕೇಳುವಾಗ ತಕರಾರು ಬರಬಹುದು.

ಡಿಕ್ಕಿಯಲ್ಲಿರುವ ಸ್ಟೆಪ್ನಿ ಇನ್ನೂ 114.3ರದ್ದೇ, ಅಲ್ವಾ? ಅದು ಅಡಾಪ್ಟರಿನ ಸ್ಟಡ್‌ಗೆ ಕೂರುವುದಿಲ್ಲ. ದಾರಿಯಲ್ಲಿ ಪಂಕ್ಚರ್ ಆದರೆ ಚಕ್ರದ ಜೊತೆ ಅಡಾಪ್ಟರನ್ನೂ ಬಿಚ್ಚಿ, ಹಳೆ ನಟ್ಟಿನಿಂದ ಸ್ಟೆಪ್ನಿ ಹಾಕಬೇಕು. ಹಾಗಾಗಿ ಹಳೆಯ ನಾಲ್ಕು ನಟ್ಟು, ಒಳಗಿನ ನಟ್ಟಿಗೆ ಹೊಂದುವ ಸಾಕೆಟ್, ಪಾನಾ ಡಿಕ್ಕಿಯಲ್ಲಿರಲಿ. ಮನೆಯ ಮುಂದೆಯೇ ಒಂದು ಸಲ ಬಿಚ್ಚಿ, ಸ್ಟೆಪ್ನಿ ಹಾಕಿ ನೋಡಿ. ಗಾಡಿಯನ್ನು ಮನೆಯಲ್ಲಿ ಬೇರೆಯವರೂ ಓಡಿಸುತ್ತಿದ್ದರೆ ಅವರಿಗೂ ತೋರಿಸಿ. ಹೊಸ ಚಕ್ರಕ್ಕಿಂತ ಸ್ಟೆಪ್ನಿಯ ಎತ್ತರ ಕಡಿಮೆ ಇರುತ್ತದೆ. ಅದರ ಮೇಲೆ ನಿಧಾನವಾಗಿ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗಿ, ಅಲ್ಲಿ ಅಡಾಪ್ಟರ್ ಮತ್ತೆ ಕೂರಿಸುವಾಗ ಪಕ್ಕದಲ್ಲೇ ನಿಂತು ಟಾರ್ಕ್ ಪಾನಾ ಹಾಕಿಸಿ.