ಬಾಗಿದ ಆಲೂಗೆಡ್ಡೆಯೂ ಲಾರಿ ಟೈರೂ

ಹಾಸನ ಜಿಲ್ಲೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವನಿಗೆ ಆಲೂಗೆಡ್ಡೆಗೆ ಮಾತ್ರ ಬರವಿಲ್ಲ. "ಮನೆಯಿಂದ ತಲಾ ಎರಡು ತನ್ನಿ" ಅಂದರೆ ಸಾಕು, ಮಾರನೇ ದಿನ ಲ್ಯಾಬಿನ ಮೇಜಿನ ಮೇಲೆ ಅರ್ಧ ಮೂಟೆ ಬಿದ್ದಿರುತ್ತದೆ. ಹಾಗಾಗಿ ಪ್ರತಿ ವರ್ಷ ಜೂನ್‌ನಲ್ಲಿ ನನ್ನ ಮೊದಲ ಪ್ರಾಕ್ಟಿಕಲ್ ಆಲೂಗೆಡ್ಡೆಯ ಅಭಿಸರಣೆಯೇ, ಅಂದರೆ ತೆಳು ದ್ರಾವಣದ ನೀರು ಕೋಶಪೊರೆ ದಾಟಿ ಗಟ್ಟಿ ದ್ರಾವಣದ ಕಡೆ ಹರಿಯುವುದು. ಗಿಡಗಳಲ್ಲಿ ಸಾಗಾಣಿಕೆಯ ಪಾಠವನ್ನು ಪಠ್ಯದಿಂದ ಕೈಬಿಟ್ಟ ಮೇಲೂ ನಾನು ಈ ಪ್ರಯೋಗ ಬಿಟ್ಟಿಲ್ಲ. ಬಿಡದಿರುವುದಕ್ಕೆ ಕಾರಣ ಒಬ್ಬ ಹುಡುಗಿ ಕೇಳಿದ ಒಂದು ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನನಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿಯಿತು.

ಪ್ರಯೋಗ ಸರಳ. ಗೆಡ್ಡೆಯನ್ನು ಒಂದೇ ಅಳತೆಯ ಪಟ್ಟಿಗಳಾಗಿ ಕೊಯ್ಯಬೇಕು. ನಮ್ಮ ಲ್ಯಾಬಿನ ಕಾರ್ಕ್ ಬೋರರ್ ಕಳೆದು ಎಷ್ಟೋ ವರ್ಷವಾಯಿತು. ಫಿಂಗರ್ ಚಿಪ್ಸ್ ಕೊಯ್ಯುವ ಕಟ್ಟರ್ ತಂದಿಟ್ಟುಕೊಂಡಿದ್ದೇನೆ, ಅದೇ ವಾಸಿ. ಪ್ರತಿ ಪಟ್ಟಿಯನ್ನೂ ತೂಕ ಮಾಡಿ ನೀರಿಗೆ, 0.1, 0.2, ಹೀಗೆ 0.6 ಮೋಲಾರ್‌ವರೆಗಿನ (ಮೋಲಾರ್ ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಸಕ್ಕರೆ ದ್ರಾವಣಗಳಿಗೆ ಹಾಕಬೇಕು. ಒಂದೂವರೆ ಗಂಟೆ ಬಿಟ್ಟು ತೆಗೆದು, ಮೇಲಿನ ಹಸಿ ಒರೆಸಿ, ಮತ್ತೆ ತೂಗಬೇಕು. ತೆಳು ದ್ರಾವಣದಲ್ಲಿದ್ದದ್ದು ನೀರು ಕುಡಿದು ತೂಕ ಹೆಚ್ಚುತ್ತದೆ, ಗಟ್ಟಿ ದ್ರಾವಣದಲ್ಲಿದ್ದದ್ದು ನೀರು ಬಿಟ್ಟು ಇಳಿಯುತ್ತದೆ. ಗ್ರಾಫ್ ಹಾಕಿದರೆ ಗೆರೆ ಎಲ್ಲೋ ಒಂದು ಕಡೆ ಸೊನ್ನೆಯನ್ನು ದಾಟುತ್ತದೆ. ಅಲ್ಲಿ ಒಳಗೂ ಹೊರಗೂ ಸಮ.

ಇದರಲ್ಲಿ ಕೈ ಜಾರುವುದು ಎರಡು ಕಡೆ. ಒಂದು, ಒರೆಸುವುದು. ಕೆಲವರು ಪಟ್ಟಿಯನ್ನು ಬಟ್ಟೆ ಹಿಂಡಿದಂತೆ ಹಿಂಡಿಬಿಡುತ್ತಾರೆ, ಇನ್ನು ಕೆಲವರು ತೊಟ್ಟಿಕ್ಕುತ್ತಿರುವಂತೆಯೇ ತಕ್ಕಡಿಗೆ ಇಡುತ್ತಾರೆ. ಎರಡನೆಯದು, ದ್ರಾವಣ. 1 ಮೋಲಾರ್ ಬೇಕಾದರೆ 34.2 ಗ್ರಾಂ ಸಕ್ಕರೆ ಹಾಕಿ, ಕರಗಿಸಿ, ಒಟ್ಟು 100 ಮಿಲಿ ಆಗುವವರೆಗೆ ನೀರು ಹಾಕಬೇಕು. 100 ಮಿಲಿ ನೀರಿಗೆ ಸಕ್ಕರೆ ಸುರಿದರೆ ಅದು ಹೆಚ್ಚೂಕಡಿಮೆ 120 ಮಿಲಿ ಆಗಿ ಕೂರುತ್ತದೆ. ಈ ತಪ್ಪನ್ನು ನಾನೇ ಮೊದಲ ವರ್ಷ ಮಾಡಿದ್ದೆ, ಯಾರೂ ಹಿಡಿಯಲಿಲ್ಲ ಅನ್ನುವುದು ಬೇರೆ ಮಾತು. ಸಕ್ಕರೆ ಅಡುಗೆಮನೆಯದೇ ಸಾಕು.

ಆ ಜೂನ್‌ನಲ್ಲಿ ನಮ್ಮ ಗೆರೆ ಸೊನ್ನೆ ದಾಟಿದ್ದು 0.4ರ ಹತ್ತಿರ. ಲೆಕ್ಕ ಹಾಕಲು ರಸಾಯನಶಾಸ್ತ್ರಜ್ಞ ವ್ಯಾಂಟ್ ಹಾಫ್‌ನ ಸೂತ್ರವಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಮೋಲಾರ್ ಸಕ್ಕರೆಗೆ ಸುಮಾರು 25 ಬಾರ್ ಒತ್ತಡ. ಅಂದರೆ 0.4ಕ್ಕೆ ಸುಮಾರು 10 ಬಾರ್. ಬೋರ್ಡಿನ ಮೇಲೆ ಬರೆದು ಉತ್ಸಾಹದಲ್ಲಿ ಹೇಳಿದೆ: "ಪಂಚರ್ ಅಂಗಡಿ ಲೆಕ್ಕದಲ್ಲಿ ಇದು 145 ಪಾಯಿಂಟ್. ಕಾರಿಗೆ 30 ಚಿಲ್ಲರೆ ಹೊಡೆಸ್ತೀರಿ. ಈ ಆಲೂಗೆಡ್ಡೆ ಒಳಗೆ ಲಾರಿ ಟೈರಿಗಿಂತ ಜಾಸ್ತಿ ಒತ್ತಡ ಇದೆ!"

ಕ್ಲಾಸು ಮೆಚ್ಚಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಇನ್ನೂ ದ್ರಾವಣಕ್ಕೆ ಹಾಕದೆ ಉಳಿದಿದ್ದ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದಳು. ಅದು ಬಳೆಯ ಹಾಗೆ ಬಾಗಿತು.

"ಸಾರ್, ಲಾರಿ ಟೈರು ಹಿಂಗ್ ಬಗ್ತದಾ?"

ನಾನು "ಅದು ಹಾಗಲ್ಲಮ್ಮ" ಅಂದೆ. ಹೇಗೆ ಅಂತ ಹೇಳಲಿಲ್ಲ, ಯಾಕೆಂದರೆ ನನಗೂ ಹೊಳೆಯಲಿಲ್ಲ. ಬೆಲ್ ಹೊಡೆದದ್ದು ಉಪಕಾರವಾಯಿತು.

ಹತ್ತು ವರ್ಷದಿಂದ ನಾನು ಎರಡು ವ್ಯಾಖ್ಯೆಗಳನ್ನು ಅಕ್ಕಪಕ್ಕ ಬರೆಸುತ್ತಿದ್ದೆ. ಅಭಿಸರಣಾ ಒತ್ತಡ ಅಂದರೆ ಗಟ್ಟಿ ರಸ ನೀರನ್ನು ಎಳೆಯುವ ಬಲ, ಟರ್ಗರ್ ಒತ್ತಡ ಅಂದರೆ ಒಳಬಂದ ನೀರು ಕೋಶದ ಗೋಡೆಯನ್ನು ಒತ್ತುವ ಬಲ. ಮಕ್ಕಳು ಕಂಠಪಾಠ ಮಾಡಿ ಬರೆಯುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ. ಎರಡೂ ಒಂದೇ ಕೋಶದೊಳಗೆ ಒಂದಕ್ಕೊಂದು ಏನು ಮಾಡುತ್ತವೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಆ ಸಂಜೆ ಉಳಿದ ಪಟ್ಟಿಗಳನ್ನು ಬರೀ ನೀರಿಗೆ ಹಾಕಿ ಬಂದೆ. ಬೆಳಿಗ್ಗೆ ನೋಡಿದರೆ ಅಂಚು ಸ್ವಲ್ಪ ಕಂದಾಗಿತ್ತು, ಆದರೆ ಬಗ್ಗಿಸಲು ಹೋದರೆ ಎಳೆ ಸೌತೆಕಾಯಿ ಮುರಿದ ಹಾಗೆ ಟಕ್ ಅಂತ ಮುರಿಯಿತು. ಅದೇ ಗೆಡ್ಡೆ. ಈ ಬಿರುಸಾದ ಪಟ್ಟಿಗಳ ಮೇಲೆ ಪ್ರಯೋಗವನ್ನು ಮೊದಲಿಂದ ಮಾಡಿದೆ. ನೀರಿನಲ್ಲಿಟ್ಟದ್ದರ ತೂಕ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. 0.1ರಲ್ಲಿ ಇಟ್ಟದ್ದು ಆಗಲೇ ಇಳಿದಿತ್ತು. ನಿನ್ನೆ 0.4ರಲ್ಲಿ ದಾಟಿದ್ದ ಗೆರೆ ಇವತ್ತು ಸೊನ್ನೆಯ ಬುಡಕ್ಕೇ ಬಂದು ನಿಂತಿತ್ತು.

ರಾತ್ರಿಯೆಲ್ಲ ನೀರು ಕುಡಿದದ್ದರಿಂದ ಒಳಗಿನ ರಸ ಕೊಂಚ ತೆಳುವಾಗಿರುತ್ತದೆ, ನಿಜ. ಆದರೆ 0.4 ಇದ್ದದ್ದು ಸೊನ್ನೆಗೆ ಇಳಿಯುವಷ್ಟಂತೂ ಅಲ್ಲ. ಒಳಗಿನ ಸಕ್ಕರೆ, ಲವಣ ಎಲ್ಲ ಅಲ್ಲೇ ಇದೆ, ನೀರನ್ನು ಎಳೆಯುವ ಶಕ್ತಿಯೂ ಇದೆ. ಆದರೂ ನೀರು ಒಳಗೆ ಹೋಗುತ್ತಿಲ್ಲ. ಯಾಕೆ? ಕೋಶದ ಗೋಡೆ ತಳ್ಳುತ್ತಿದೆ.

ಅವತ್ತು ಪಂಚರ್ ಅಂಗಡಿಯನ್ನು ಮತ್ತೆ ನೆನೆಸಿಕೊಂಡೆ, ಈ ಸಲ ಸರಿಯಾಗಿ. ಒಳಗಿನ ಕೋಶಪೊರೆ ಟ್ಯೂಬು, ಹೊರಗಿನ ಗೋಡೆ, ಅಂದರೆ ಕೋಶಭಿತ್ತಿ, ಟೈರು. ಟ್ಯೂಬು ಒಂದೇ ಇದ್ದರೆ ಗಾಳಿ ತುಂಬುತ್ತಾ ಹೋದರೆ ಒಡೆಯುತ್ತದೆ. ನಮ್ಮ ಕೆಂಪು ರಕ್ತಕಣಕ್ಕೆ ಭಿತ್ತಿ ಇಲ್ಲ, ಶುದ್ಧ ನೀರಿಗೆ ಹಾಕಿದರೆ ಅದರ ಗತಿ ಅದೇ. ಟೈರು ಇದ್ದರೆ ಅದು ತಿರುಗಿ ಒತ್ತುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಪಂಪು ಹೊಡೆಯುವವರು ಯಾರೂ ಇಲ್ಲ. ಒಳಗಿನ ರಸ ಗಟ್ಟಿಯಿದೆ ಅನ್ನುವ ಒಂದೇ ಕಾರಣಕ್ಕೆ ನೀರು ತಾನಾಗಿ ಬರುತ್ತದೆ, ಬಂದು ಗೋಡೆಯನ್ನು ಬಿಗಿಯುತ್ತದೆ, ಬಿಗಿದ ಗೋಡೆ ಇನ್ನು ಸಾಕು ಅನ್ನುತ್ತದೆ.

ನಮ್ಮೂರ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಅಭಿಸರಣಾ ಒತ್ತಡ ಅನ್ನುವುದು ಒಟ್ಟು ಸಾಲ. ಟರ್ಗರ್ ಅನ್ನುವುದು ಇಲ್ಲಿಯವರೆಗೆ ಕಟ್ಟಿದ್ದು. ನಾನು ತಕ್ಕಡಿಯಲ್ಲಿ ಅಳೆಯುತ್ತಿದ್ದದ್ದು ಬಾಕಿ. ಬಾಡಿದ ಗೆಡ್ಡೆ ಒಂದು ಕಂತನ್ನೂ ಕಟ್ಟಿರಲಿಲ್ಲ, ಹಾಗಾಗಿ ಬಾಕಿಯೇ 10 ಬಾರ್. ರಾತ್ರಿ ನೆನೆದದ್ದು ಪೂರ್ತಿ ಕಟ್ಟಿತ್ತು, ಬಾಕಿ ಸೊನ್ನೆ. ಬಾಕಿಯ ಮೊತ್ತ ನೋಡಿ "ಒಳಗೆ ಇಷ್ಟು ಒತ್ತಡ ಇದೆ" ಅಂದಿದ್ದೆನಲ್ಲ, ಅದು ಸಾಲಗಾರನನ್ನು ಶ್ರೀಮಂತ ಅಂದ ಹಾಗೆ. ಆ ಹುಡುಗಿಯ ಕೈಯಲ್ಲಿದ್ದ ಪಟ್ಟಿಯಲ್ಲಿ ಒತ್ತಡ ಇರಲೇ ಇಲ್ಲ. ಟೈರು ಪಂಚರ್ ಆಗಿತ್ತು.

ಮಾರನೇ ಕ್ಲಾಸಿನಲ್ಲಿ ಇದನ್ನು ಒಪ್ಪಿಕೊಂಡೆ. ಎರಡೂ ಪಟ್ಟಿಗಳನ್ನು ಬೆಂಚಿನಿಂದ ಬೆಂಚಿಗೆ ಕೈದಾಟಿಸಿದೆ, ಎಲ್ಲರೂ ಬಗ್ಗಿಸಿ, ಮುರಿದು ನೋಡಿದರು.

ಕಣ್ಣಿಗೆ ಕಾಣಬೇಕು ಅಂದರೆ ರಿಯೋ ಎಲೆ. ನಮ್ಮ ಕಾಲೇಜಿನ ಮೆಟ್ಟಿಲ ಪಕ್ಕದ ಕುಂಡದಲ್ಲೇ ಇದೆ, ಎಲೆಯ ಕೆಳಮೈ ನೇರಳೆ. ಆ ನೇರಳೆ ಸಿಪ್ಪೆಯನ್ನು ಉಗುರಲ್ಲಿ ಎಳೆದು ಸ್ಲೈಡಿನ ಮೇಲೆ ಹಾಸಿದರೆ ಜೇನುಗೂಡಿನಂಥ ಕೋಣೆಗಳು, ಪ್ರತಿಯೊಂದರಲ್ಲೂ ಮೂಲೆಮೂಲೆಗೂ ಬಣ್ಣ. ಕವರ್‌ಸ್ಲಿಪ್ಪಿನ ಒಂದು ಪಕ್ಕ ಗಟ್ಟಿ ಸಕ್ಕರೆ ನೀರು ಬಿಟ್ಟು, ಇನ್ನೊಂದು ಪಕ್ಕ ಬ್ಲಾಟಿಂಗ್ ಪೇಪರ್ ಇಟ್ಟು ಎಳೆಯಬೇಕು. ಎರಡು ಮೂರು ನಿಮಿಷದಲ್ಲಿ ಬಣ್ಣ ಮೂಲೆಗಳಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಗೋಡೆಯಿಂದಲೇ ಸರಿದು ನಡುವೆ ಮುದ್ದೆಯಾಗಿ ಕೂರುತ್ತದೆ. ಟೈರು ಇದ್ದಲ್ಲೇ ಇದೆ, ಟ್ಯೂಬು ಮುದುಡಿದೆ. ನಡುವಿನ ಖಾಲಿ ಜಾಗದಲ್ಲಿ ಏನಿದೆ ಅಂತ ಕೇಳಿದರೆ ಅರ್ಧ ಕ್ಲಾಸು "ಗಾಳಿ" ಅನ್ನುತ್ತದೆ. ಅಲ್ಲಿರುವುದು ಹೊರಗಿನ ಸಕ್ಕರೆ ನೀರೇ. ಭಿತ್ತಿ ಸಕ್ಕರೆಯನ್ನು ತಡೆಯುವುದಿಲ್ಲ, ತಡೆಯುವುದು ಪೊರೆ. ಮತ್ತೆ ನೀರು ಹಾಯಿಸಿದರೆ ನೇರಳೆ ಉಬ್ಬಿ ಗೋಡೆಗೆ ಆತುಕೊಳ್ಳುತ್ತದೆ. ತುಂಬ ಹೊತ್ತು ಗಟ್ಟಿ ನೀರಲ್ಲೇ ಬಿಟ್ಟರೆ ಕೋಶ ಸತ್ತು ಬಣ್ಣ ಸೋರುತ್ತದೆ, ಆಗ ಯಾವ ನೀರು ಹಾಕಿದರೂ ಇಲ್ಲ.

ಇದರಲ್ಲಿ ಇನ್ನೊಂದು ಲಾಭವಿದೆ. ಯಾವ ದ್ರಾವಣದಲ್ಲಿ ಅರ್ಧದಷ್ಟು ಕೋಶಗಳು ಗೋಡೆ ಬಿಡಲು ಶುರುಮಾಡುತ್ತವೋ ಅಲ್ಲಿ ಟರ್ಗರ್ ಸೊನ್ನೆ. ಹಾಗಾಗಿ ಆ ಅಂಕಿ ಬಾಕಿಯಲ್ಲ, ಪೂರ್ತಿ ಸಾಲ. ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ 19ನೇ ಶತಮಾನದಲ್ಲೇ ಇದನ್ನು ಅಳತೆಗೋಲು ಮಾಡಿಕೊಂಡಿದ್ದ. ಇನ್ನೊಬ್ಬ ಸಸ್ಯವಿಜ್ಞಾನಿ ಪ್ಫೆಫರ್ 1877ರಲ್ಲಿ ಪ್ರಕಟಿಸಿದ್ದ ಅಭಿಸರಣಾ ಒತ್ತಡದ ಅಳತೆಗಳ ಬಗ್ಗೆ ವ್ಯಾಂಟ್ ಹಾಫ್‌ಗೆ ತಿಳಿಸಿದವನೂ ಇದೇ ಡಿ ವ್ರೀಸ್. ಅದರಿಂದ ಹುಟ್ಟಿದ ಕೆಲಸಕ್ಕೂ ಸೇರಿ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ವ್ಯಾಂಟ್ ಹಾಫ್‌ಗೆ ಹೋಯಿತು. ಗಿಡದವರು ಅಳೆದರು, ಸೂತ್ರ ಕೆಮಿಸ್ಟ್ರಿಯವರ ಹೆಸರಲ್ಲಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ನಾನು ಆಗಾಗ ಹೇಳುತ್ತಿರುತ್ತೇನೆ.

ಸೆಪ್ಟೆಂಬರ್‌ನಲ್ಲಿ ಹೊಲದ ಗೆಡ್ಡೆ ಬಂತು. ಹೊಸ ಗೆಡ್ಡೆ, ಬಿಗಿಯಾಗಿತ್ತು. ಮತ್ತೆ ತೂಗಿದರೆ ಗೆರೆ 0.25ರ ಹತ್ತಿರ ದಾಟಿತು, ಸುಮಾರು 6 ಬಾರ್. ಜೂನ್‌ನದು ಬಾಡಿದ್ದರಿಂದ ಬಾಕಿ ಜಾಸ್ತಿ, ಇದು ಅಷ್ಟು ಬಾಡಿಲ್ಲ, ಸರಿಯಾಯಿತು ಅಂದುಕೊಂಡೆ. ಪೂರ್ತಿ ಸರಿ ಅಲ್ಲ ಅಂತ ಗೊತ್ತಾದದ್ದು ಅಡುಗೆಮನೆಯಲ್ಲಿ. ಚಿಪ್ಸ್ ಕರಿಯುತ್ತಾ ಅಮ್ಮ ಅಂದರು, "ಹೊಸ ಗೆಡ್ಡೆ ನೋಡು ಬೆಳ್ಳಗೆ ಬತ್ತದೆ. ಬಿತ್ನೆ ಉಳಿದಿದ್ದನ್ನ ಕರಿದ್ರೆ ಕರ್ರಗಾಗೋಗ್ತದೆ, ಬಾಯಿಗಿಟ್ರೆ ಸಿಹಿ."

ಸಿಹಿ! ಜೂನ್‌ನಲ್ಲಿ ಮಕ್ಕಳು ಮನೆಯಿಂದ ತಂದದ್ದೆಲ್ಲ ಬಿತ್ತನೆ ಮಾಡಿ ಉಳಿದ ಗೆಡ್ಡೆ. ಪಂಜಾಬಿನ ಜಲಂಧರ್ ಕಡೆಯಿಂದ ಬಂದು, ಕೋಲ್ಡ್ ಸ್ಟೋರೇಜಿನಲ್ಲಿ ಕೂತು, ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಕೈಬದಲಾದದ್ದು. ಶೀತದಲ್ಲಿ ಆಲೂಗೆಡ್ಡೆಯ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಪಿಷ್ಟ ಎಷ್ಟಿದ್ದರೂ ಅಭಿಸರಣೆಯ ಲೆಕ್ಕಕ್ಕೆ ಬರುವುದಿಲ್ಲ, ಅದು ಕರಗದೆ ಕಾಳಾಗಿ ಕೂತಿರುತ್ತದೆ. ಒಡೆದು ಸಕ್ಕರೆಯಾದರೆ ಒಂದೊಂದು ಅಣುವೂ ಲೆಕ್ಕಕ್ಕೆ. ಕರಿದಾಗ ಕಪ್ಪಾಗುವುದೂ ಆ ಸಕ್ಕರೆಯಿಂದಲೇ. ಹಾಗಾದರೆ ಜೂನ್‌ನ ಗೆಡ್ಡೆ ಕಂತು ಕಟ್ಟದೇ ಇದ್ದದ್ದಷ್ಟೇ ಅಲ್ಲ, ಅದರ ಸಾಲವೇ ದೊಡ್ಡದಿತ್ತು. ಕೋಲ್ಡ್ ಸ್ಟೋರೇಜಿನದು ಎರಡು ಗೆಡ್ಡೆ ಹುಡುಕಿ ತರಿಸಿ, ಎರಡೂ ಬಗೆಯ ರಸ ತೆಗೆದು, ಸಕ್ಕರೆ ಹೆಚ್ಚಿದ್ದಷ್ಟೂ ಹಸಿರಿನಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುವ ಬೆನೆಡಿಕ್ಟ್ ದ್ರಾವಣ ಹಾಕಿ ಕಾಯಿಸಿದೆ. ಹೊಸದು ಹಸಿರಿಗೆ ತಿರುಗಿ ನಿಂತಿತು, ಹಳೆಯದು ಇಟ್ಟಿಗೆ ಬಣ್ಣ. ಅಮ್ಮನ ಬಾಣಲೆ ಹೇಳಿದ್ದನ್ನೇ ಟೆಸ್ಟ್ ಟ್ಯೂಬು ಹೇಳಿತು.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ಅದೇ ವರ್ಷ ಹಿತ್ತಲ ಮೆಣಸಿನ ಗಿಡಕ್ಕೆ ನಾನೇ ಪೊಟ್ಯಾಷ್ ಸುರಿದು ಕೆಡಿಸಿದೆ. ಬುಡಕ್ಕೆ ಒಂದು ಹಿಡಿ, ಮೇಲೆ ಒಂದು ಚೊಂಬು ನೀರು. ಮಧ್ಯಾಹ್ನಕ್ಕೆ ಎಲೆಗಳು ಜೋತುಬಿದ್ದವು. ಮಣ್ಣು ಮುಟ್ಟಿದರೆ ಒದ್ದೆ. ಅಪ್ಪ ಬಂದು ನೋಡಿ, "ಉಪ್ಪಿನ ನೀರು ಕುಡಿಸಿ ಬಾಯಾರಿಕೆ ಹೋಗ್ಲಿಲ್ಲ ಅಂತೀಯೇನ್ಲಾ" ಅಂದರು. ಆಮೇಲೆ ಲೆಕ್ಕ ಹಾಕಿದೆ: 50 ಗ್ರಾಂ ಪೊಟ್ಯಾಷ್ ಬೇರಿನ ಸುತ್ತಲಿನ 2 ಲೀಟರ್ ನೀರಿನಲ್ಲಿ ಕರಗಿದರೆ, ಪ್ರತಿ ಅಣು ಎರಡಾಗಿ ಒಡೆಯುವುದರಿಂದ, ಹತ್ತಿರ ಹತ್ತಿರ 16 ಬಾರ್. ಮಣ್ಣು ನೀರನ್ನು 15 ಬಾರ್‌ನಷ್ಟು ಬಿಗಿಹಿಡಿದರೆ ಗಿಡ ಚೇತರಿಸಿಕೊಳ್ಳದಂತೆ ಬಾಡುತ್ತದೆ ಅಂತ ಕೃಷಿ ಪುಸ್ತಕದಲ್ಲಿರುತ್ತದೆ. ಒದ್ದೆ ಮಣ್ಣಿನಲ್ಲೇ ಬರ ತಂದಿದ್ದೆ. ಅಪ್ಪ ಹೇಳಿದಂತೆ ಬಿಂದಿಗೆಗಟ್ಟಲೆ ನೀರು ಹೊಯ್ದು ತೊಳೆದೆ. ಬೆಳಿಗ್ಗೆ ಎದ್ದು ನೋಡಿದರೆ ಆರು ಗಿಡದಲ್ಲಿ ನಾಲ್ಕು ತಲೆಯೆತ್ತಿದ್ದವು.

ಈಗ ಜೂನ್‌ನಲ್ಲಿ ಬಿತ್ತನೆ ಗೆಡ್ಡೆಯಿಂದ ಒಂದು ಸಲ, ಸೆಪ್ಟೆಂಬರ್‌ನಲ್ಲಿ ಹೊಸ ಗೆಡ್ಡೆಯಿಂದ ಒಂದು ಸಲ, ಎರಡು ಸಲ ಮಾಡಿಸುತ್ತೇನೆ. ಪ್ರತಿ ಸಲವೂ ಕೆಲವು ಪಟ್ಟಿಗಳನ್ನು ಹಿಂದಿನ ಸಂಜೆಯೇ ನೀರಿಗೆ ಹಾಕಿಸಿರುತ್ತೇನೆ. ರೆಕಾರ್ಡ್ ಪುಸ್ತಕದಲ್ಲಿ ತೂಕದ ಪಕ್ಕ ಇನ್ನೊಂದು ಕಾಲಂ ಎಳೆಸಿದ್ದೇನೆ: "ಬಾಗಿತೋ, ಮುರಿಯಿತೋ". ಒಮ್ಮೆ ಪರೀಕ್ಷೆಗೆ ಬಂದಿದ್ದ ಹೊರಗಿನ ಉಪನ್ಯಾಸಕರೊಬ್ಬರು ಇದೇನು ಸಾರ್ ಅಂತ ನಕ್ಕರು. ಜೇಬಿನಲ್ಲಿದ್ದ ಪಟ್ಟಿ ತೆಗೆದು ಕೈಗೆ ಕೊಟ್ಟೆ.

ಪ್ರಯೋಗ ಮುಗಿದ ಮೇಲೆ ಸೆಪ್ಟೆಂಬರ್‌ನ ಪಟ್ಟಿಗಳು ನಮ್ಮ ಹಸುವಿನ ಕಲಗಚ್ಚಿಗೆ ಹೋಗುತ್ತವೆ. ಮೊಳಕೆ ಬಂದ ಬಿತ್ತನೆ ಗೆಡ್ಡೆ ದನಕ್ಕೆ ಒಳ್ಳೆಯದಲ್ಲ, ಅದು ತಿಪ್ಪೆಗೆ. ಹಸು 0.6ರಲ್ಲಿ ನೆನೆದವನ್ನೇ ಮೊದಲು ಆರಿಸಿ ತಿನ್ನುತ್ತದೆ.